ಹೆಬ್ಬೆರಳಿನ ಗುಳಿ

ನಮ್ಮ ಬೀದಿಯವರು ನನ್ನನ್ನು ಅಂಟಣ್ಣ ಎನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆ ಹೆಸರು ಹಿಡಿದು ಈಗ ನಾನೇ ಕರೆದರೂ ನಾನು ತಿರುಗಿ ನೋಡುವುದಿಲ್ಲ. ಮುರಿದದ್ದು, ಬಿರಿದದ್ದು, ಚಕ್ಕೆ ಎದ್ದದ್ದು ಏನೇ ಇರಲಿ, ಅಂಟಿಸಿ, ತುಂಬಿ, ಉಜ್ಜಿ ಕೊಡುವುದು ನನ್ನ ಕಸುಬು. ಕೊಡೆಯ ಹಿಡಿ, ಊರುಗೋಲಿನ ತಲೆ, ಚದುರಂಗದ ಕುದುರೆಯ ಕಿವಿ. ನನ್ನ ಕೈಯಿಂದ ಹೋದ ಮೇಲೆ ಎಲ್ಲಿ ಮುರಿದಿತ್ತು ಎಂದು ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗಬಾರದು. ಸಿಕ್ಕರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಗಿರಾಕಿಗಳಿಗೆ ಸವಾಲು ಹಾಕುತ್ತಿದ್ದೆ. ಮೂವತ್ತು ವರ್ಷದಿಂದ ಮೀಸೆ ಹಾಗೇ ಇತ್ತು. ಆ ಜಂಬವೇ ನನಗೆ ಮುಳುವಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಹೇಳಿದ್ದರೆ ಅಂಗಡಿಯಿಂದ ಆಚೆ ಕಳಿಸುತ್ತಿದ್ದೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ಮೂರಂತಸ್ತಿನ ಕಟ್ಟಡದ ಮೆಟ್ಟಿಲಿನ ಕೆಳಗೆ ಸಿಕ್ಕ ಜಾಗ. ಒಳಗಿನ ಮೂಲೆಗೆ ಹೋದರೆ ತಲೆ ಬಗ್ಗಿಸಲೇಬೇಕು. ಮೇಲಿನವರು ಹತ್ತಿ ಇಳಿಯುವಾಗಲೆಲ್ಲ ನನ್ನ ನೆತ್ತಿಯ ಮೇಲೇ ನಡೆದ ಹಾಗೆ ಧಪಧಪ ಸದ್ದು. ಒಂದು ಬೆಂಚು, ಒಂದು ವೈಸ್, ಸಣ್ಣ ಲೇತು, ಗೋಡೆಯುದ್ದಕ್ಕೂ ತಗಡಿನ ಡಬ್ಬಿಗಳು. ಡಬ್ಬಿಗಳಲ್ಲಿ ಮರದ ಪುಡಿ, ಕೊಂಬಿನ ಪುಡಿ, ಎಲುಬಿನ ಪುಡಿ, ಬಣ್ಣಕ್ಕೊಂದರಂತೆ. ಬೇರೆಯವರು ಕಸ ಎಂದು ಗುಡಿಸುವುದನ್ನು ನಾನು ಮುಚ್ಚಳ ಹಾಕಿ ಇಡುತ್ತೇನೆ.

ಆಕೆ ಬಂದದ್ದು ಒಂದು ಮಧ್ಯಾಹ್ನ. ಅರವತ್ತು ದಾಟಿದ ಹೆಂಗಸು, ನೆಟ್ಟಗಿನ ಬೆನ್ನು, ಕಂಕುಳಲ್ಲಿ ಒಂದು ಟವೆಲ್ಲಿನ ಗಂಟು. ಹಿಂದೆ ಒಂದು ಕಂದು ಬಣ್ಣದ ನಾಯಿ.

"ನೀವೇನಾ ಅಂಟಣ್ಣ ಅನ್ನೋರು?"

"ಹೌದಮ್ಮ. ನಾಯಿ ಹೊರಗೇ ಇರಲಿ. ಅದು ಒಂದ್ಸಲ ಬಾಲ ಆಡಿಸಿದ್ರೆ ನನ್ನ ಒಂದು ತಿಂಗಳ ಕೆಲಸ ನೆಲದ ಮೇಲಿರುತ್ತೆ."

"ಕುಳ್ಳಾ, ಅಲ್ಲೇ ಕೂತ್ಕೋ," ಎಂದರು ಆಕೆ. ಸೊಂಟ ಮುಟ್ಟುವ ಎತ್ತರದ ನಾಯಿ ಅದು. ಮರಿಯಾಗಿದ್ದಾಗ ಇಟ್ಟ ಹೆಸರಂತೆ, ಆಮೇಲೆ ಅದು ಬೆಳೆಯುವುದನ್ನು ನಿಲ್ಲಿಸಲಿಲ್ಲ, ಇವರು ಹೆಸರು ಬದಲಾಯಿಸಲಿಲ್ಲ. ಕುಳ್ಳ ಹೊಸ್ತಿಲಾಚೆ ಕೂತು, ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ ಮಾಡಿಕೊಂಡು ಬೀದಿಯ ಕಡೆ ನೋಡತೊಡಗಿತು.

ಟವೆಲ್ಲು ಬಿಚ್ಚಿದರೆ ಒಳಗೆ ಒಂದು ಶೇವಿಂಗ್ ಬ್ರಶ್ಶು. ಹಿಡಿ ಕರೀ ಕೊಂಬಿನದು, ಹಳೆಯ ಕಾಲದ ಒಳ್ಳೆಯ ಕೆಲಸ. ತಳದ ಅಂಚು ಅರ್ಧ ಹೋಗಿತ್ತು. ಹೊಟ್ಟೆಯ ತುಂಬ ಹಲ್ಲಿನ ತೂತುಗಳು, ನೇಗಿಲು ಹೊಡೆದ ಹಾಗೆ ಉದ್ದುದ್ದ ಗೀರುಗಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ನಾಯಿಗೆ ಕೊಂಬೂ ಒಂದೇ ಎಲುಬೂ ಒಂದೇ ಅಮ್ಮ. ಅದರ ತಪ್ಪಲ್ಲ. ಎತ್ತರದಲ್ಲಿ ಇಡಬೇಕಿತ್ತು."

"ಎಂಟು ತಿಂಗಳು ಕನ್ನಡಿ ಕೆಳಗಿನ ಹಲಗೆ ಮೇಲೇ ಇತ್ತು. ಒಂದಿನಾನೂ ಮುಟ್ಟಿರಲಿಲ್ಲ." ಆಕೆ ಬೆಂಚಿನ ಅಂಚು ಹಿಡಿದುಕೊಂಡರು. "ಇದು ಮೊದಲಿದ್ದ ಹಾಗೇ ಆಗಬೇಕು. ಒಂಚೂರೂ ಆಚೀಚೆ ಆಗಬಾರದು. ಆದ್ರೆ ಮಾತ್ರ ಅವರು ವಾಪಸ್ ಬರ್ತಾರೆ."

"ಯಾರಮ್ಮ?"

"ನಮ್ಮನೆಯವರು."

"ಎಲ್ಲಿಗೆ ಹೋಗಿದಾರೆ?"

"ತೀರಿಕೊಂಡು ಎಂಟು ತಿಂಗಳು ದಾಟ್ತು."

ನಾನು ಸ್ಯಾಂಡ್‌ಪೇಪರು ಕೆಳಗಿಟ್ಟೆ. ಆಕೆ ನನ್ನ ಮುಖ ನೋಡಿ ಸಣ್ಣಗೆ ನಕ್ಕರು. "ಹುಚ್ಚು ಅಂದ್ಕೋಬೇಡಿ. ಮೂವತ್ತೈದು ವರ್ಷ ನರ್ಸಾಗಿದ್ದೆ. ಸತ್ತವರು ಅಂದ್ರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಕೈಯಾರೆ ಎಷ್ಟೋ ಜನರ ಕಣ್ಣು ಮುಚ್ಚಿದೀನಿ."

ಗಂಡ ಬಸ್ಸಿನ ಡ್ರೈವರ್ ಆಗಿದ್ದರಂತೆ. ಬೆಳಗಿನ ಸರದಿ. ನಲವತ್ತೊಂದು ವರ್ಷ, ಆರೂಕಾಲಕ್ಕೆ ಸರಿಯಾಗಿ ಬಚ್ಚಲ ಬಾಗಿಲು ಹಾಕಿಕೊಂಡು ಬಟ್ಟಲಲ್ಲಿ ಸೋಪಿನ ನೊರೆ ಎಬ್ಬಿಸುವುದು. ನಿವೃತ್ತಿಯಾದ ಮೇಲೂ ಅದೇ ಹೊತ್ತು. ಅವರು ಹೋದ ನಾಲ್ಕನೇ ದಿನ ಆರೂಕಾಲಕ್ಕೆ ಮುಚ್ಚಿದ ಬಚ್ಚಲ ಬಾಗಿಲ ಹಿಂದಿನಿಂದ ಬಟ್ಟಲಲ್ಲಿ ಬ್ರಶ್ಶು ಸುತ್ತುವ ಸದ್ದು ಬಂತಂತೆ. ಸರಸರ, ಸರಸರ. ಮಾರನೆಯ ದಿನವೂ ಬಂತು, ಅದರ ಮಾರನೆಯ ದಿನವೂ.

"ನನ್ನೊಬ್ಬಳ ಕಿವಿಗೇ ಕೇಳಿದ್ದಿದ್ರೆ ನಾನೇ ಹೋಗಿ ಮಾತ್ರೆ ತಗೋತಿದ್ದೆ. ಈ ಕುಳ್ಳ ಕಿವಿ ನಿಮಿರಿಸಿಕೊಂಡು ಬಂದು ಬಾಗಿಲ ಮುಂದೆ ಕೂರ್ತಿದ್ದ. ನಾಯಿಗೂ ದುಃಖಕ್ಕೆ ಹುಚ್ಚು ಹಿಡಿಯುತ್ತಾ, ನೀವೇ ಹೇಳಿ."

"ಬಾಗಿಲು ತೆಗೆದು ನೋಡಲಿಲ್ವಾ?"

"ತೆಗೆದ್ರೆ ಹೋಗಿಬಿಡ್ತಾರಲ್ಲ. ಮಾತೂ ಆಡಲಿಲ್ಲ. ಕೆಮ್ಮು ಬಂದ್ರೂ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿರ್ತಿದ್ದೆ. ತಂಗಿ, ತನ್ನ ಮನೆಗೆ ಬಂದಿರು ಅಂತ ಎಂಟು ತಿಂಗಳಿಂದ ಕರೀತಿದಾಳೆ. ಈ ಸದ್ದು ಬಿಟ್ಟು ಎಲ್ಲಿಗೆ ಹೋಗಲಿ?"

ಇಪ್ಪತ್ತೆರಡು ದಿನದ ಹಿಂದೆ ಆಕೆ ಬಚ್ಚಲು ತೊಳೆದು ಬಾಗಿಲು ಮುಚ್ಚುವುದನ್ನು ಮರೆತಿದ್ದರು. ಕುಳ್ಳ ಒಳಗೆ ಹೋಗಿ ಬ್ರಶ್ಶನ್ನು ಕಚ್ಚಿಕೊಂಡು ಬಂದು ಮಂಚದ ಕೆಳಗೆ ಕೂತು ಅಗಿದಿತ್ತು. ಮಾರನೆಯ ಬೆಳಿಗ್ಗೆ ಸದ್ದಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಇಲ್ಲ. ನಾಯಿ ಮಾತ್ರ ದಿನಾ ಆರೂಕಾಲಕ್ಕೆ ಹೋಗಿ ಬಾಗಿಲ ಮುಂದೆ ಕೂತು, ಸ್ವಲ್ಪ ಹೊತ್ತಿಗೆ ತಲೆ ತಗ್ಗಿಸಿ ಎದ್ದು ಬರುತ್ತಿತ್ತಂತೆ.

ನನಗೆ ದೆವ್ವದ ಮೇಲೆ ನಂಬಿಕೆಯಿಲ್ಲ, ಇರಲಿಲ್ಲ. ಆದರೆ ಆಕೆ ಖಾಲಿ ಟವೆಲ್ಲನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಸುತ್ತಿದ್ದರು. ಅಯ್ಯೋ ಪಾಪ ಎನಿಸಿತು. "ಒಂದು ವಾರ ಬಿಟ್ಟು ಬನ್ನಿ ಅಮ್ಮ. ಹಲ್ಲಿನ ಗುರುತು ಒಂದು ಸಿಕ್ಕಿದ್ರೂ ನನ್ನ ಮೀಸೆ ನಿಮ್ಮದು," ಎಂದೆ.

ಬ್ರಶ್ಶಿನ ಕೂದಲಿಗೆ ಪ್ಲಾಸ್ಟಿಕ್ ಸುತ್ತಿ, ಬಟ್ಟೆಯ ಮೆತ್ತೆ ಕೊಟ್ಟು ವೈಸಿಗೆ ಹಿಡಿಸಿದೆ. ಕೊಂಬಿನ ಕೆಲಸಕ್ಕೆ ಒಂದು ನಿಯಮವಿದೆ: ನುಣುಪಾದ ಕಡೆ ಅಂಟು ನಿಲ್ಲುವುದಿಲ್ಲ. ತುಂಬಬೇಕಾದ ಜಾಗವನ್ನೆಲ್ಲ ಮೊದಲು ಅರದಿಂದ ಕೆರೆದು ಒರಟು ಮಾಡಬೇಕು. ಆಮೇಲೆ ಅದೇ ಬಣ್ಣದ ಕೊಂಬಿನ ಪುಡಿಯನ್ನು ಎರಡು ಟ್ಯೂಬಿನ ಅಂಟಿನಲ್ಲಿ ಕಲಸಿ ತುಂಬಿ, ಒಣಗಿಸಿ, ಒರಟು ಸ್ಯಾಂಡ್‌ಪೇಪರಿನಿಂದ ಶುರುಮಾಡಿ ನಯವಾದದ್ದರವರೆಗೆ ಉಜ್ಜುತ್ತ ಬರಬೇಕು.

ಒಂದೊಂದೇ ತೂತು ಕೆರೆಯುತ್ತ ಬಂದೆ. ಹಲ್ಲಿನ ಗೀರುಗಳೆಲ್ಲ ಮುಗಿದ ಮೇಲೆ ಇನ್ನೊಂದು ಬದಿಯಲ್ಲಿ, ಸ್ವಲ್ಪ ಮೇಲೆ, ಒಂದು ಗುಳಿ ಕಂಡಿತು. ಆಳವಿಲ್ಲ. ಹುಣಸೆ ಬೀಜ ಕೂತರೆ ಕೂತೀತು, ಅಷ್ಟು. ಗೀರಿಲ್ಲ, ಒಳಗೆಲ್ಲ ನುಣುಪು. ಇದು ದವಡೆಯ ಚಪ್ಪಟೆ ಹಲ್ಲು ಒತ್ತಿದ್ದು, ಆಮೇಲೆ ನಾಯಿ ನೆಕ್ಕಿ ನೆಕ್ಕಿ ನುಣುಪು ಮಾಡಿದೆ ಎಂದು ತೀರ್ಮಾನಿಸಿದೆ. ನಾನು ಕೇಳಬಹುದಿತ್ತು. ಮೂವತ್ತು ವರ್ಷದಿಂದ ಎಲ್ಲ ಗುಳಿಯನ್ನೂ ಗಾಯ ಎಂದೇ ನೋಡಿದ ಕಣ್ಣು ಕೇಳುವ ಗೋಜಿಗೆ ಹೋಗಲಿಲ್ಲ.

ಅರ ಇಟ್ಟೆ. ಕೊಂಬು ಕೆರೆದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಅಷ್ಟು ಹೊತ್ತೂ ಅದೇ ಬಂದಿತ್ತು. ಆ ಗುಳಿಯಲ್ಲಿ ಮಾತ್ರ ಸೋಪಿನ ವಾಸನೆ ಎದ್ದಿತು. ಹಳೆಯದಲ್ಲ, ಆಗಷ್ಟೇ ನೊರೆಯೆಬ್ಬಿಸಿದ ಹಸಿ ವಾಸನೆ, ಬಿಸಿನೀರಿನ ಹಬೆಯ ಸಮೇತ. ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಯಾರೋ ನನ್ನ ಪಕ್ಕದಲ್ಲೇ ಗಲ್ಲ ಮುಂದೆ ಚಾಚಿ ನಿಂತ ಹಾಗಾಯಿತು. ನನ್ನ ಕೈ ನಿಂತಿತು. ಒಂದು ಗಳಿಗೆ ನಿಂತದ್ದು ನಿಜ. ಆಮೇಲೆ, ಕೂದಲಿನ ಬುಡದಲ್ಲಿ ಸೋಪು ಉಳಿದಿರುತ್ತದೆ, ಮುದುಕನಾದೆಯಲ್ಲೋ ಎಂದು ನನ್ನನ್ನೇ ಬೈದುಕೊಂಡು ಮತ್ತೆ ನಾಲ್ಕು ಸಲ ಕೆರೆದೆ. ವಾಸನೆ ದೀಪ ಆರಿಸಿದ ಹಾಗೆ ನಿಂತುಹೋಯಿತು.

ವಾರ ಕಳೆದು ಆಕೆ ಬಂದಾಗ ಬ್ರಶ್ಶು ಬಟ್ಟೆಯ ಮೇಲೆ ಹೊಳೆಯುತ್ತಿತ್ತು. ಅಂಗಡಿಯಿಂದ ಈಗ ತಾನೇ ತಂದದ್ದು ಎನ್ನಬೇಕು, ಹಾಗಿತ್ತು. ಆಕೆಯ ಮುಖ ಅರಳಿತು. ತಳ ತಿರುಗಿಸಿ ನೋಡಿದರು, ಹೊಟ್ಟೆ ಸವರಿದರು. ಆಮೇಲೆ ಬಲಗೈಯಲ್ಲಿ ಹಿಡಿದು ಹೆಬ್ಬೆರಳನ್ನು ಆಚೆ ಬದಿಗೆ ಒತ್ತಿದರು. ಬೆರಳು ಜಾರಿತು. ಇನ್ನೊಮ್ಮೆ ಒತ್ತಿದರು.

"ಇಲ್ಲೊಂದು ಗುಳಿ ಇತ್ತಲ್ಲ?"

"ಇತ್ತು. ತುಂಬಿದೀನಿ. ನಾಯಿ ದವಡೆದು."

"ಅದು ನಾಯಿದಲ್ಲ." ಆಕೆಯ ಧ್ವನಿ ಏರಲಿಲ್ಲ. "ಅದು ಅವರ ಹೆಬ್ಬೆರಳು. ನಲವತ್ತೊಂದು ವರ್ಷ ಅಲ್ಲೇ ಇಟ್ಟು ಇಟ್ಟು ಸವೆದದ್ದು. ಅವರು ಹೋದ ಮೇಲೆ ನಾನು ದಿನಾ ನನ್ನ ಬೆರಳು ಅಲ್ಲಿಟ್ಟು ನೋಡ್ತಿದ್ದೆ."

ನನಗೆ ಮೊದಲು ಬಂದದ್ದು ಸಿಟ್ಟು, ನಾಚಿಕೆಯಲ್ಲ. ಹೇಳಬೇಕಿತ್ತು, ಹೇಳದಿದ್ದರೆ ಕನಸು ಬೀಳುತ್ತದೆಯೇ ಎಂದುಬಿಟ್ಟೆ. ಹೇಳುತ್ತಿರುವಾಗಲೇ ಸೋಪಿನ ವಾಸನೆ ನೆನಪಾಯಿತು. ತುಂಬಿದ್ದನ್ನು ಬಿಸಿ ಮಾಡಿ ಎಬ್ಬಿಸಬಹುದು. ಆದರೆ ಅದರ ಕೆಳಗಿದ್ದದ್ದನ್ನು ನಾನು ಕೆರೆದು ಹಾಕಿದ್ದೆ. ಒಬ್ಬ ಮನುಷ್ಯನ ಕೊನೆಯ ಗುರುತನ್ನು ಪುಡಿ ಮಾಡಿ ಡಬ್ಬಿಯ ಉಳಿದ ಪುಡಿಯ ಜೊತೆ ಬೆರೆಸಿಬಿಟ್ಟಿದ್ದೆ. ಹೊರಗಿದ್ದ ನಾಯಿಯ ಮೂಗಿನ ಹತ್ತಿರ ಆಕೆ ಬ್ರಶ್ಶು ಹಿಡಿದರು. ಕುಳ್ಳ ಮೂಸಿ, ಮುಖ ಆಚೆ ತಿರುಗಿಸಿತು.

"ಹೋಗಲಿ ಬಿಡಿ. ನೀವು ಬೇಕಂತ ಮಾಡಿದ್ದಲ್ಲ," ಎಂದರು ಆಕೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇಲ್ಲೇ ಬಿಟ್ಟು ಹೋಗಿ ಅಮ್ಮ. ಆ ಗುಳಿ ನಾನು ಮತ್ತೆ ಕಡೆದು ಕೊಡ್ತೀನಿ. ಅವರ ಹೆಬ್ಬೆರಳು ಹೇಗಿತ್ತು ಹೇಳಿ. ದಪ್ಪನಾ, ಸಪೂರನಾ? ತುದಿ ಹಿಂದಕ್ಕೆ ಬಾಗ್ತಿತ್ತಾ?"

ಆಕೆ ಬಾಯಿ ತೆರೆದರು. ತಮ್ಮದೇ ಹೆಬ್ಬೆರಳನ್ನು ಬಗ್ಗಿಸಿ ನೋಡಿಕೊಂಡರು. ರೋಗಿಗಳ ಕೈ ನೋಡಿಯೇ ಕಾಯಿಲೆ ಹೇಳುತ್ತಿದ್ದ ಹೆಂಗಸು. "ಬಸ್ಸಿನ ಬಾನೆಟ್ಟು ಬಿದ್ದು ಒಂದ್ಸಲ ಉಗುರು ಹೋಗಿತ್ತು," ಎಂದರು ಕೊನೆಗೆ. "ಆಮೇಲೆ ಬಂತು. ದಪ್ಪ ಅನ್ಸುತ್ತೆ. ಬಾಗ್ತಿತ್ತಾ? ನಲವತ್ತೊಂದು ವರ್ಷ ಹಿಡಿದ ಕೈ. ನೆನಪಾಗ್ತಿಲ್ಲ ನೋಡಿ ನನಗೆ." ಅವತ್ತು ಮೊದಲ ಸಲ ಆಕೆ ಅತ್ತರು.

ಗುಳಿ ಕಡೆಯಲು ಎರಡು ದಿನ ಹಿಡಿಯಿತು. ಹಿಡಿ ಮಾಡುವವರೆಲ್ಲರಿಗೂ ಒಂದು ಚಾಳಿ ಇರುತ್ತದೆ. ಸುತ್ತಿಗೆಯದಿರಲಿ, ಕೊಡೆಯದಿರಲಿ, ಮಾಡುತ್ತ ಮಾಡುತ್ತ ನಮ್ಮದೇ ಕೈಯಲ್ಲಿ ಹಿಡಿದು ನೋಡುತ್ತೇವೆ. ಕೈಗೆ ಹಿತವಾಗಿ ಕೂತಾಗ ನಿಲ್ಲಿಸುತ್ತೇವೆ. ಇಲ್ಲೂ ಹಾಗೇ ಮಾಡಿದೆ, ಯೋಚಿಸದೆ. ಒಂದಿಷ್ಟು ಕೆರೆಯುವುದು, ಹೆಬ್ಬೆರಳು ಇಟ್ಟು ನೋಡುವುದು, ಮತ್ತೊಂದಿಷ್ಟು ಕೆರೆಯುವುದು. ಕೊನೆಗೆ ಬೆರಳು ಅದರೊಳಗೆ ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಕೂತಿತು. ಎಷ್ಟು ಚೆನ್ನಾಗಿ ಬಂತು ಎಂದು ಖುಷಿಪಟ್ಟೆ. ಆಕೆಯ ಮನೆ ಎರಡು ಬೀದಿ ಆಚೆ. ನಾನೇ ಹೋಗಿ ಕೊಟ್ಟು ಬಂದೆ.

ಆಮೇಲಿನ ವಾರ ನಮ್ಮ ಮನೆಯವಳು ನನ್ನನ್ನು ಮೂರು ಸಲ ಬೈದಳು. ಬೆಳಿಗ್ಗೆ ಎದ್ದು ಕಾಫಿ ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರುವುದು ನನ್ನ ಅಭ್ಯಾಸ. "ಕಣ್ಣು ಬಿಟ್ಕೊಂಡೇ ಕೂತಿರ್ತೀರ. ಕರೆದ್ರೆ ಓ ಅನ್ನಲ್ಲ, ತಟ್ಟಿದ್ರೆ ಅಲ್ಲಾಡಲ್ಲ. ಕಾಫಿ ಕೆನೆಗಟ್ಟಿರುತ್ತೆ. ಈ ವಯಸ್ಸಲ್ಲಿ ಯಾರ ಮೇಲೆ ಮನಸ್ಸು?" ಎಂದಳು ಮೊದಲ ದಿನ. ಮೂರನೆಯ ದಿನ ತಮಾಷೆ ಮಾಡಲಿಲ್ಲ. "ಆರೂಕಾಲಿಂದ ಆರೂವರೆವರೆಗೆ ನೀವು ಇಲ್ಲಿ ಇರೋದೇ ಇಲ್ಲ. ಡಾಕ್ಟರ್ ಹತ್ರ ಹೋಗೋಣ," ಎಂದಳು. ನನಗೆ ಏನೂ ಗೊತ್ತಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ನಾನು ಕೂತಿದ್ದೆ, ಕಾಫಿ ಬೇಗ ಆರಿತ್ತು, ಅಷ್ಟೇ.

ಆರನೆಯ ದಿನ ಆಕೆ ಮತ್ತೆ ಅಂಗಡಿಗೆ ಬಂದರು. ನಾಯಿ ಇರಲಿಲ್ಲ, ಬ್ರಶ್ಶೂ ಇರಲಿಲ್ಲ.

"ಸದ್ದು ವಾಪಸ್ ಬಂತು," ಎಂದರು.

"ಒಳ್ಳೇದಾಯ್ತಲ್ಲಮ್ಮ!"

"ಕುಳ್ಳ ಬಾಗಿಲ ಹತ್ರ ಹೋಗಲ್ಲ. ಮೊದಲ ದಿನ ಓಡಿಹೋಗಿ ಕೂತ. ಒಂದು ಗಳಿಗೆ ಬಾಲ ಆಡಿಸಿದ. ಆಮೇಲೆ ಬೆನ್ನ ಮೇಲಿನ ಕೂದಲೆಲ್ಲ ನಿಮಿರಿ, ಗುರ್ ಅಂದು, ಮಂಚದ ಕೆಳಗೆ ಸೇರ್ಕೊಂಡ. ಮೂರು ದಿನದಿಂದ ಅನ್ನ ಮುಟ್ಟಿಲ್ಲ." ಆಕೆ ಕೂತರು. "ನನಗೂ ಅನುಮಾನ ಬಂತು. ಅವರು ಜೋರಾಗಿ, ಅವಸರವಾಗಿ ಸುತ್ತೋರು, ಬಸ್ಸಿಗೆ ಹೊತ್ತಾಯ್ತು ಅನ್ನೋ ಹಾಗೆ. ಇದು ನಿಧಾನ. ಒಂದೇ ಸಮ. ಏನನ್ನೋ ಪಾಲಿಶ್ ಮಾಡ್ತಿರೋ ಹಾಗೆ."

ನಾನು ಪಾಲಿಶ್ ಮಾಡುತ್ತಿದ್ದ ಊರುಗೋಲನ್ನು ಬೆಂಚಿನ ಮೇಲಿಟ್ಟೆ.

"ನಿನ್ನೆ ತಡೀಲಾರದೆ ಕೇಳೇಬಿಟ್ಟೆ, ಯಾರು ಒಳಗೆ ಅಂತ. ಸದ್ದು ನಿಂತಿತು. ಆಮೇಲೆ ಒಳಗಿಂದ ನನ್ನನ್ನೇ ಕೇಳಿತು, 'ನೀವ್ಯಾರು?' ಅಂತ."

"ಯಾರ ಧ್ವನಿ ಅದು?"

ಆಕೆ ನನ್ನನ್ನು ನೇರವಾಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು, ಜ್ವರ ಏರಿದ ರೋಗಿಗೆ ಎಷ್ಟು ಏರಿದೆ ಎಂದು ಹೇಳುವ ಮೊದಲು ನೋಡುವ ಹಾಗೆ. "ನಿಮ್ಮದೇ," ಎಂದರು.

ನಾನು ನನ್ನ ಹೆಬ್ಬೆರಳನ್ನು ನೋಡಿಕೊಂಡೆ. ಯಾರ ಬೆರಳಿನ ಅಳತೆಗೆ ಆ ಗುಳಿ ಕಡೆದೆ ಎಂದು ಆಗ ಹೊಳೆಯಿತು. ಬೇರೆಯವರ ಜಾಗದಲ್ಲಿ ನನ್ನನ್ನೇ ಕೂರಿಸಿ ಬಂದಿದ್ದೆ. ಬದುಕಿರುವ ನಾನು ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕಲ್ಲಾಗಿ ಕೂತಿದ್ದಾಗ ಇನ್ನೇನೋ ನನ್ನದು ಎರಡು ಬೀದಿ ಆಚೆ, ಪರಿಚಯವಿಲ್ಲದ ಹೆಂಗಸಿನ ಬಚ್ಚಲಲ್ಲಿ ನೊರೆ ಎಬ್ಬಿಸುತ್ತಿತ್ತು. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ನಾಳೆ ಬೆಳಿಗ್ಗೆ ಬೇಗ ಬನ್ನಿ," ಎಂದರು ಆಕೆ. "ಅದನ್ನ ಮುಟ್ಟೋಕೆ ನನ್ನ ಕೈಲಿ ಆಗ್ತಿಲ್ಲ. ನೀವೇ ತೆಗೀಬೇಕು."

ಆರಕ್ಕೆ ಮೊದಲೇ ಹೋದೆ, ಜೇಬಿನಲ್ಲಿ ಅರ ಇಟ್ಟುಕೊಂಡು. ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಓಣಿಯಂಥ ದಾರಿ, ಅದರ ಕೊನೆಯಲ್ಲಿ ಬಚ್ಚಲು. ದಾರಿಯ ಗೋಡೆಗೆ ಡ್ರೈವರರ ಖಾಕಿ ಕೋಟು ಇನ್ನೂ ಮೊಳೆಯಲ್ಲೇ ಇತ್ತು. ಕುಳ್ಳ ಮಂಚದ ಕೆಳಗಿನಿಂದ ನನ್ನನ್ನು ನೋಡಿ ಹಲ್ಲು ತೋರಿಸಿತು. ಹಲಗೆಯ ಮೇಲಿನ ಬ್ರಶ್ಶನ್ನು ತಂದು, ದಾರಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಗುಳಿಯ ಸುತ್ತಲಿನ ಕೊಂಬನ್ನೆಲ್ಲ ಕೆರೆದು ಸಮ ಮಾಡತೊಡಗಿದೆ. ಪ್ರತಿ ಎಳೆತಕ್ಕೂ ನನ್ನ ಹೆಬ್ಬೆರಳು ಜೋಮು ಹಿಡಿದ ಹಾಗೆ ಚುಮುಚುಮು ಎಂದಿತು. ನಿಲ್ಲಿಸಲಿಲ್ಲ. ಮುಗಿದಾಗ ಹಿಡಿಯ ಒಂದು ಬದಿ ಚಪ್ಪಟೆಯಾಗಿ, ಒರಟಾಗಿ, ನೋಡಲಿಕ್ಕೇ ಆಗದ ಹಾಗಿತ್ತು. ನನ್ನ ಜೀವಮಾನದ ಅತ್ಯಂತ ಕೆಟ್ಟ ಕೆಲಸ. ನೆಮ್ಮದಿಯ ಉಸಿರು ಬಿಟ್ಟೆ.

ಆರೂಕಾಲಾಯಿತು. ನಾನು ನಾನಾಗಿಯೇ ಕೂತಿದ್ದೆ. ಬಚ್ಚಲಲ್ಲಿ ಏನೂ ಕೇಳಲಿಲ್ಲ. ಕುಳ್ಳ ಮಂಚದ ಕೆಳಗಿನಿಂದ ಹೊರಬಂದು ತಟ್ಟೆಯಲ್ಲಿದ್ದ ನೀರು ಕುಡಿಯಿತು.

"ನೀವು ಇನ್ನೊಂದು ಉಪಕಾರ ಮಾಡಬೇಕು," ಎಂದರು ಆಕೆ. ಗೋಡೆಗೆ ಒರಗಿ ನಿಂತಿದ್ದರು. "ಆ ಪ್ರಶ್ನೆ ಕಿವೀಲೇ ನಿಂತುಬಿಟ್ಟಿದೆ, 'ನೀವ್ಯಾರು' ಅಂತ. ನಿಮ್ಮದು ಅಂತ ಗೊತ್ತು. ಆದ್ರೂ ಒಂದೇ ಯೋಚನೆ. ಎಂಟು ತಿಂಗಳು ಅವರು ಒಳಗಿದ್ದಾಗ ನಾನು ಕೇಳಿದ್ದಿದ್ರೆ, ಅವರೂ ಹೀಗೇ ಅಂತಿದ್ರಾ? ಅವರಿಗೆ ನನ್ನ ನೆನಪು ಇತ್ತಾ? ಇಲ್ಲ, ಬರೀ ಅಭ್ಯಾಸಕ್ಕೆ ಬಂದು ಹೋಗ್ತಿದ್ರಾ?"

ಆಮೇಲೆ ಆಕೆಯೇ ಹೇಳಿದರು. ಅವರ ಮನೆಯಲ್ಲಿ ಒಂದು ತಮಾಷೆ ಇತ್ತಂತೆ. ಇದ್ದವರೇ ಇಬ್ಬರು, ಮಕ್ಕಳಿಲ್ಲ. ಆದರೂ ದಿನಾ ಬೆಳಿಗ್ಗೆ ಆಕೆ ಹೊರಗಿನಿಂದ, ಮನೆಗೆ ಕಳ್ಳ ನುಗ್ಗಿದ ಹಾಗೆ, ಯಾರು ಒಳಗೆ ಎಂದು ಕೇಳುವುದು. ಆತ, ನಾನೇ ಕಣೇ, ಇನ್ಯಾರು ಎನ್ನುವುದು. ಮದುವೆಯಾದ ಹೊಸದರಲ್ಲಿ ಶುರುವಾದದ್ದು, ಜಗಳವಾಡಿದ ದಿನವೂ ನಿಂತಿರಲಿಲ್ಲ.

"ಒಳಗೆ ಹೋಗಿ ಚಿಲಕ ಹಾಕ್ಕೊಳ್ಳಿ. ಬ್ರಶ್ಶು ಆಡಿಸಿ. ನಾನು ಕೇಳ್ತೀನಿ, ನೀವು ಅಷ್ಟು ಹೇಳಿಬಿಡಿ. ಸುಳ್ಳಾದ್ರೂ ಸರಿ, ಒಂದೇ ಒಂದ್ಸಲ ಕಿವಿಗೆ ಬಿದ್ರೆ ಆ ಇನ್ನೊಂದು ಮಾತು ಹೋಗುತ್ತೇನೋ."

ನನಗೆ ನಾಟಕ ಬರುವುದಿಲ್ಲ ಎಂದೆ. ಬೇಡಿ ಅಮ್ಮ ಎಂದೆ. ಆಕೆ ಸುಮ್ಮನೆ ಬಾಗಿಲು ತೆರೆದು ಹಿಡಿದರು. ಅಷ್ಟೆಲ್ಲ ಹಾಳು ಮಾಡಿದವನು ಇಷ್ಟಕ್ಕೆ ಇಲ್ಲ ಎನ್ನುವುದು ಹೇಗೆ?

ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಮೊಳದಗಲದ ಕಿಟಕಿ, ಅಂಚು ಮಾಸಿದ ಕನ್ನಡಿ, ಹಲಗೆಯ ಮೇಲೆ ತಗಡಿನ ಬಟ್ಟಲು, ತಳದಲ್ಲಿ ಸವೆದ ಸೋಪು. ನಲ್ಲಿಯ ನೀರು ಹಾಕಿ ಬ್ರಶ್ಶು ಸುತ್ತಿದೆ. ಅವಸರವಾಗಿ ಸುತ್ತಬೇಕೆಂದು ನೆನಪಿಟ್ಟುಕೊಂಡೆ. ಸರಸರ, ಸರಸರ. ಹೊರಗೆ ಆಕೆಯ ಉಸಿರು ಕೇಳುತ್ತಿತ್ತು.

"ಯಾರು ಒಳಗೆ?"

ಆ ಕೇಳುವುದರಲ್ಲಿ ಇಪ್ಪತ್ತು ವರ್ಷದ ಹುಡುಗಿಯ ತುಂಟತನವಿತ್ತು. ಹೇಳಬೇಕೆಂದು ಬಾಯಿ ತೆರೆಯಲು ನೋಡಿದೆ, ದವಡೆ ಬಿಗಿದುಕೊಂಡಿತ್ತು. ಕೈ ನಿಂತಿತು. ಬ್ರಶ್ಶು ಬಟ್ಟಲಲ್ಲಿ ಸುಮ್ಮನೆ ಕೂತಿತು. ಕನ್ನಡಿಯಲ್ಲಿ ತುಟಿ ಮುಚ್ಚಿಕೊಂಡ ನನ್ನ ಮುಖ ಬಿಟ್ಟರೆ ಬೇರೇನೂ ಇರಲಿಲ್ಲ.

"ನಾನೇ ಕಣೇ. ಇನ್ಯಾರು?"

ನನ್ನ ಎಡಭುಜದ ಹಿಂದಿನಿಂದ ಬಂತು ಅದು. ಸ್ವಲ್ಪ ಕಫ ಕಟ್ಟಿದ, ಬೆಳಗಿನ ಹೊತ್ತಿನ ಗಂಡಸಿನ ಧ್ವನಿ. ಅದರಲ್ಲಿ ನಗುವಿತ್ತು. ತುಂಬ ಹೊತ್ತಿನಿಂದ ಯಾರಾದರೂ ಕೇಳಲಿ ಎಂದು ಕಾದು, ಕೊನೆಗೂ ಕೇಳಿದರಲ್ಲ ಎಂಬ ಸಮಾಧಾನವಿತ್ತು. ಹೊರಗೆ ನೆಲದ ಮೇಲೆ ನಾಯಿಯ ಬಾಲ ಪಟಪಟ ಬಡಿಯತೊಡಗಿತು.

ಚಿಲಕ ತೆಗೆಯಲು ನನಗೆ ಎಷ್ಟು ಹೊತ್ತು ಬೇಕಾಯಿತೋ ತಿಳಿಯದು. ಆಕೆ ಗೋಡೆಗೆ ಆನಿಕೊಂಡು, ಅಳುತ್ತ ನಗುತ್ತ ಇದ್ದರು. ಕುಳ್ಳ ನನ್ನ ಕಾಲ ಸಂದಿಯಿಂದ ಒಳಗೆ ನುಗ್ಗಿ, ಹಲಗೆಯ ಮುಂದೆ ಖಾಲಿ ಜಾಗಕ್ಕೆ ಮುಖ ಎತ್ತಿ ಕೂತಿತು.

"ಎಷ್ಟು ಚೆನ್ನಾಗಿ ಹೇಳಿದ್ರಿ! ನಿಮ್ಮ ಗಂಟಲು ಅಂತ ಗೊತ್ತೇ ಆಗಲಿಲ್ಲ. ನೋಡಿ, ಕುಳ್ಳನೂ ಮೋಸಹೋದ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಎಂಟು ತಿಂಗಳ ಭಾರ ಇಳಿಸಿಟ್ಟ ಹಾಗೆ ಆ ಬೆನ್ನು ಸಡಿಲವಾಗಿತ್ತು. "ಸಾಕು. ಇನ್ನು ನಾನು ಕಾಯಲ್ಲ. ಅವರು ಇದ್ದಿದ್ರೆ ಈ ಮಾತನ್ನ ಇನ್ನೊಬ್ಬರ ಕೈಲಿ ಹೇಳಿಸ್ಕೊಳ್ಳೋ ಗತಿ ನನಗೆ ಬರ್ತಿರಲಿಲ್ಲ. ಇಲ್ಲ ಅವರು. ಇವತ್ತೇ ತಂಗಿ ಮನೆಗೆ ಹೋಗ್ತೀನಿ."

ಆಕೆ ಒಳಗೆ ಹೋಗಿ ಮಂಚದ ಮೇಲೆ ಚೀಲ ತೆರೆದು ಬಟ್ಟೆ ತುಂಬತೊಡಗಿದರು. ನಾನು ದಾರಿಯಲ್ಲೇ ನಿಂತಿದ್ದೆ. ಆತ ಬ್ರಶ್ಶಿಗಾಗಿ ಬಂದವನಲ್ಲ, ಬ್ರಶ್ಶು ಹಾಳಾಯಿತೆಂದು ಹೋದವನೂ ಅಲ್ಲ. ಯಾರು ಒಳಗೆ ಎಂದು ಹೆಂಡತಿ ಒಮ್ಮೆ ಕೇಳಲಿ ಅಂತ ಸದ್ದು ಮಾಡಿ ಮಾಡಿ ಸೋತು, ಸುಮ್ಮನಾಗಿ ಅಲ್ಲೇ ನಿಂತಿದ್ದ. ಈಕೆ ಹೊರಗೆ ಕೆಮ್ಮನ್ನೂ ತಡೆದುಕೊಂಡು ನಿಂತಿದ್ದರು. ನಡುವೆ ಒಂದು ಬಾಗಿಲು. ಹೇಳಿಬಿಡು ಎಂದಿತು ಮನಸ್ಸು. ಹೇಳಿದರೆ ಈ ಹೆಂಗಸು ಉಳಿದ ಆಯಸ್ಸನ್ನೆಲ್ಲ ಬಚ್ಚಲ ಬಾಗಿಲಿಗೆ ಕಿವಿ ಕೊಟ್ಟು ಕಳೆಯುತ್ತಾರೆ ಎಂದಿತು ಅದೇ ಮನಸ್ಸು. ಒಮ್ಮೆ ಆತನ ಬೆರಳಿನ ಗುರುತನ್ನು ಅಳಿಸಿದ್ದೆ. ಈಗ ಆತನ ಬಾಯಿಯ ಮಾತನ್ನೂ ಕದಿಯುವುದೇ? ನನಗೆ ಅಳು ಬಂತು, ಯಾರಿಗಾಗಿ ಎಂದು ಗೊತ್ತಾಗಲಿಲ್ಲ.

ಆಕೆ ಚೀಲದ ಜಿಪ್ಪು ಎಳೆದು ಕುಳ್ಳನನ್ನು ಕೂಗಿದರು. ಅದು ಬರಲಿಲ್ಲ. ಮತ್ತೆ ಕೂಗಿದರು. ಬಚ್ಚಲೊಳಗೆ ಬಾಲ ಬಡಿಯುವ ಸದ್ದು ನಿಂತಿರಲಿಲ್ಲ. ಆಕೆ ಕೈಯಲ್ಲಿ ಚೀಲ ಹಿಡಿದುಕೊಂಡೇ ಒಂದು ಗಳಿಗೆ ಆಲಿಸಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅದು ನೀವೇ ತಾನೇ ಹೇಳಿದ್ದು?"

ನಾನು ಬಚ್ಚಲ ಕಡೆ ನೋಡಲಿಲ್ಲ.

"ನಾನೇ ಅಮ್ಮ," ಎಂದೆ. "ಇನ್ಯಾರು?"